ಪಾಕದಣ್ಣನ ಎರಡು ಬೆರಳು

ಅವನ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಹಳ್ಳವಿತ್ತು. ಹುಣಸೆ ಬೀಜ ಇಟ್ಟರೆ ಉರುಳದೆ ನಿಲ್ಲುವಷ್ಟು ಆಳ. ದುಡಿದ ಗಂಡಸಿನ ಕೈಯಲ್ಲಿ ಆ ಜಾಗ ಉಬ್ಬಿರುತ್ತದೆ. ಮುಷ್ಟಿ ಕಟ್ಟಿದರೆ ನಿಂಬೆಕಾಯಿಯ ಹಾಗೆ ಮೇಲೆ ಬರುತ್ತದೆ. ಅವನದು ಒಳಕ್ಕೆ ಕುಸಿದಿತ್ತು. ಮೇಲಿನ ಚರ್ಮ ಮಾತ್ರ ಸುಮ್ಮನಿರುತ್ತಿರಲಿಲ್ಲ. ನಾಲೆಯ ತಿಳಿನೀರಿನಲ್ಲಿ ಮರಿಮೀನು ಹೊರಳಿದಂತೆ ಅದರ ಕೆಳಗೆ ಏನೋ ಮಿಡಿಯುತ್ತಿತ್ತು. ಕೆಲಸವಿಲ್ಲದ ಹೊತ್ತಿನಲ್ಲಿ ಅವನು ಬೇರೆ ಯಾರದೋ ಕೈ ನೋಡುವ ಹಾಗೆ ಅದನ್ನು ನೋಡುತ್ತ ಕೂತಿರುತ್ತಿದ್ದ.

ನಮ್ಮೂರು ಕೊಪ್ಪದ ಪಕ್ಕ. ನಾಲೆ ನೀರು ಬಂದ ಮೇಲೆ ಎತ್ತ ನೋಡಿದರೂ ಕಬ್ಬು, ಕಬ್ಬಿನ ನಡುವೆ ಆಲೆಮನೆಗಳ ಹೊಗೆ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಗೌಡರ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವುದು ನನ್ನ ಕೆಲಸ. ಎತ್ತು ನಿಲ್ಲಬಾರದು, ಉರುಳೆಯ ಬಾಯಿಗೆ ಕೈ ಹೋಗಬಾರದು, ಬೆಳಗಿನಿಂದ ಸಂಜೆಯವರೆಗೆ ಕೊಡುತ್ತಲೇ ಇರಬೇಕು. ಸುತ್ತ ನಾಲ್ಕೂರಿನಲ್ಲಿ ನನ್ನ ಹಾಗೆ ಕಬ್ಬು ಕೊಡುವವನಿಲ್ಲ ಎಂದು ಜನ ಅನ್ನುತ್ತಿದ್ದರು. ಅದು ಸುಳ್ಳಲ್ಲ.

ಅವನು ಮಳವಳ್ಳಿಯ ಆಚೆಯವನು. ದೀಪಾವಳಿ ಕಳೆಯುತ್ತಿದ್ದಂತೆ ಒಂದು ಕಂಬಳಿ, ಒಂದು ಗಂಟು ಹೊತ್ತುಕೊಂಡು ಬರುತ್ತಿದ್ದ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕುದಿಯುವ ಕಬ್ಬಿನ ಹಾಲು ಯಾವಾಗ ಬೆಲ್ಲದ ಹದಕ್ಕೆ ಬಂತು ಎಂದು ಹೇಳುವುದು ಅವನ ಕಸುಬು. ಅದಕ್ಕೇ ಊರಿಗೆಲ್ಲ ಅವನು ಪಾಕದಣ್ಣ. ಅವನ ಹೆಸರೇನೆಂದು ಯಾರೂ ಕೇಳಿರಲಿಲ್ಲ. ಜೊತೆಯಲ್ಲಿ ಐದು ವರ್ಷ ದುಡಿದ ನಾನೂ ಕೇಳಿರಲಿಲ್ಲ.

ಕೊಪ್ಪರಿಗೆಯಲ್ಲಿ ಹಾಲು ಉಕ್ಕಿ, ಬೆಂಡೆಗಿಡದ ಲೋಳೆ ಬಿದ್ದು, ಕೊಳೆಯೆಲ್ಲ ತೆಗೆದ ಮೇಲೆ ಅವನ ಹೊತ್ತು ಶುರುವಾಗುತ್ತಿತ್ತು. ಒಲೆಯ ಪಕ್ಕದ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂರುವನು. ಯಾರಾದರೂ ಮಾತು ತೆಗೆದರೆ, "ಈಗ ಸುಮ್ಕಿರ್ರಪ್ಪ, ಅದು ಮಾತಾಡ್ತಾ ಅದೆ" ಅನ್ನುವನು. ನಿಜಕ್ಕೂ ಕುದಿಯ ಸದ್ದು ಬದಲಾಗುತ್ತಿತ್ತು; ಮೊದಲು ಗಲಗಲ, ಆಮೇಲೆ ಪೊಳಕ್ ಪೊಳಕ್. ಆಗ ತಣ್ಣೀರಿನ ಮಡಕೆಯಲ್ಲಿ ಎರಡು ಬೆರಳು ಅದ್ದಿ, ಅದೇ ಬೆರಳನ್ನು ಕುದಿಯುವ ಪಾಕಕ್ಕೆ ಹಾಕಿ, ಚಿಟಿಕೆ ತೆಗೆದು, ಮತ್ತೆ ನೀರಿಗೆ ಅದ್ದಿ ಹೊಸಕುವನು. ಮುಖದ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಹೊಸಕಿದ್ದು ಉಂಡೆಯಾಗಿ, ಮಡಕೆಯ ಅಂಚಿಗೆ ತಟ್ಟಿದರೆ ಟಣ್ ಅನ್ನಬೇಕು. ಅಂದಾಗ, "ಇಳ್ಸಿ."

"ಮಂಡ್ಯದ ಸಕ್ಕರೆ ಕಾರ್ಖಾನೇಲಿ ಗಡಿಯಾರ ನೋಡ್ಕಂಡು ಇಳಿಸ್ತಾರಂತೆ ಕಣಣ್ಣ" ಎಂದು ನಾನೊಮ್ಮೆ ಕೆಣಕಿದ್ದೆ.

"ನಾಕು ದಿನ ಕೀ ಕೊಡ್ದೆ ಬುಡು ಆ ಗಡಿಯಾರಕ್ಕೆ, ಏನ್ ಮಾಡ್ತದೆ ನೋಡವ" ಎಂದ. "ನನ್ ಬೆರಳ್ಗೆ ಕೀ ಬ್ಯಾಡ ಕಣ್ಲಾ."

ಇಷ್ಟೆಲ್ಲ ಬೆಲ್ಲದ ನಡುವೆ ಬದುಕಿದವನು ಬೆಲ್ಲ ತಿನ್ನುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ನಾಲ್ಗೆಗೆ ಕೆಲ್ಸ ಕೊಟ್ರೆ ಬೆರಳು ಸೋಂಬೇರಿ ಆಯ್ತದೆ" ಅನ್ನುವನು. ಆದರೆ ದಿನದ ಮೊದಲ ಕೊಪ್ಪರಿಗೆ ಇಳಿದಾಗ, ಬೆಚ್ಚಗಿನ ಬೆಲ್ಲದ ಮೊದಲ ತುಣುಕನ್ನು ಅದೇ ಎರಡು ಬೆರಳಿನಿಂದ ಚಿವುಟಿ, ಗಾಣಕ್ಕೆ ಕಬ್ಬು ಕೊಡುವವನ ಅಂಗೈಗೆ ಇಡುವನು. ಅದು ಅವನ ಕಡೆಯ ಆಲೆಮನೆಗಳ ಪದ್ಧತಿಯಂತೆ. ಐದು ವರ್ಷ ಆ ತುಣುಕು ನನ್ನದಾಗಿತ್ತು. ಕೊಡುವಾಗ ಅವನು ಏನೂ ಹೇಳುತ್ತಿರಲಿಲ್ಲ, ನಾನು ಬಾಯಿಗೆ ಹಾಕಿಕೊಂಡು ತಲೆಯಾಡಿಸುತ್ತಿದ್ದೆ. ನಮ್ಮ ಸ್ನೇಹ ಎಂದರೆ ಅಷ್ಟೆ.

ಎರಡನೇ ಮಹಾಯುದ್ಧದ ನಡುವಿನ ಒಂದು ವರ್ಷ ಅವನು ಬಂದಾಗಲೇ ಕೈಯಲ್ಲಿ ಆ ಹಳ್ಳ ಬಿದ್ದಿತ್ತು. ಅಂಗಿಯ ಗುಂಡಿ ಹಾಕಲು ಒಂದು ಗಳಿಗೆ ಒದ್ದಾಡುವನು. ಮುದ್ದೆ ಮುರಿಯಲು ಹೋದರೆ ಹೆಬ್ಬೆರಳು ಜಾರುವುದು. ಒಂದು ದಿನ ಪಾಕದ ಚಿಟಿಕೆ ಮಡಕೆಯೊಳಗೆ ಬಿತ್ತು. ಮತ್ತೆ ತೆಗೆದ, ಮತ್ತೆ ಬಿತ್ತು. ಮೂರನೇ ಸಲ ತೆಗೆಯುವಷ್ಟರಲ್ಲಿ ಪಾಕ ಏರಿ, ಕೊಪ್ಪರಿಗೆಯಷ್ಟೂ ಕರಕಲು ಬಣ್ಣಕ್ಕೆ ತಿರುಗಿತು. ಗೌಡರು ಬಾಯಿಗೆ ಬಂದಂತೆ ಬೈದರು. ಅವನು ಕೈಯನ್ನು ಟವಲಿನೊಳಗೆ ಸುತ್ತಿಕೊಂಡು ನಿಂತಿದ್ದ.

ಅದೇ ವಾರ ಮದ್ದೂರಿನಿಂದ ಬೆಲ್ಲದ ವ್ಯಾಪಾರಿಯೊಬ್ಬ ಬಂದ. ಬಾಯಿ ಜೋರಿನ ಮನುಷ್ಯ. ಪಾಕದಣ್ಣನ ಸುಟ್ಟ ಬೆರಳ ತುದಿ ನೋಡಿದ, ಸೊರಗಿದ ಅಂಗೈ ನೋಡಿದ, ಕುದಿಯುವುದರೊಳಗೆ ಬೆರಳಿಟ್ಟೂ ಹುಬ್ಬು ಗಂಟಿಕ್ಕದ ಮುಖ ನೋಡಿದ. ಹೊರಗೆ ಬಂದು ಗೌಡರ ಕಿವಿಯಲ್ಲಿ ಹೇಳಿದ. ಆದರೆ ಆಲೆಮನೆಗೆಲ್ಲ ಕೇಳುವ ಹಾಗೆ ಹೇಳಿದ. "ಉರಿನೇ ತಾಕಲ್ವಲ್ರೀ ಅವನ್ಗೆ! ದೊಡ್ಡ್ ರೋಗ ಕಣ್ರೀ ಅದು. ಇಂತಾ ಕೈ ಇಟ್ಟ ಬೆಲ್ಲ ಯಾರ್ ತಿಂತಾರೆ?"

ದೊಡ್ಡ ರೋಗ ಎಂದರೆ ನಮ್ಮ ಕಡೆ ಕುಷ್ಠ. ಆ ರೋಗದವರಿಗೆ ಬೆಂಕಿ ಮುಟ್ಟಿದರೂ ತಿಳಿಯದು ಎಂದು ಎಲ್ಲರಿಗೂ ಗೊತ್ತು. ಮೂವತ್ತು ವರ್ಷ ಯಾವ ಗುಣವನ್ನು ಜನ ಹೊಗಳಿದ್ದರೋ ಅದೇ ಅವನ ಮೇಲೆ ಸಾಕ್ಷಿಯಾಗಿ ನಿಂತಿತು. ಮಾರನೆಯ ದಿನದಿಂದ ಅವನ ಮಡಕೆಯ ನೀರು ಯಾರೂ ಮುಟ್ಟಲಿಲ್ಲ. ಅವನು ಉಣ್ಣುವ ಗಂಗಳ ಗೋಡೆಯ ಆಚೆಗೆ ಹೋಯಿತು.

ಹೇಳಲೇಬೇಕಾದ ಮಾತೊಂದಿದೆ. ಆ ಮಾರನೆಯ ದಿನವೇ ಮೊದಲ ಕೊಪ್ಪರಿಗೆ ಇಳಿದಾಗ ಅವನು ಎರಡೂ ಕೈ ಸೇರಿಸಿ, ಹೇಗೋ ಒಂದು ತುಣುಕು ಚಿವುಟಿ, ಎಂದಿನಂತೆ ನನ್ನ ಹತ್ತಿರ ಬಂದ. ನಾನು ಕೈ ನೀಡಲಿಲ್ಲ.

"ಒಟ್ಟೆ ತುಂಬ್ಯದೆ ಕಣಣ್ಣ" ಎಂದೆ.

ಅವನು ನನ್ನ ಮುಖ ನೋಡಿದ. ಬೆಳಗಿನಿಂದ ನಾನು ಏನೂ ತಿಂದಿಲ್ಲವೆಂದು ಅವನಿಗೆ ಗೊತ್ತಿತ್ತು. "ಸರಿ ಬುಡು" ಎಂದು, ಗಾಣಕ್ಕೆ ಕಟ್ಟಿದ್ದ ಬಲಗಡೆಯ ಎತ್ತಿನ ಬಾಯಿಗೆ ಅದನ್ನು ಹಿಡಿದ. ಎತ್ತು ತಿಂದಿತು. ಅವನ ಕೈಯನ್ನೂ ನೆಕ್ಕಿತು.

ಗೌಡರು ಕೆಟ್ಟವರಲ್ಲ. "ನೋಡಪ್ಪ, ಮಂಡ್ಯದಲ್ಲಿ ಒಬ್ರು ಡಾಕ್ಟ್ರವ್ರೆ. ತೋರಿಸ್ಕಂಡು ಬಾ. ಅದಲ್ಲ ಅಂದ್ರೆ ಇರು. ಅದೇ ಅಂದ್ರೆ ಅಂಗೇ ಓಯ್ತಾ ಇರು. ನನ್ ಆಲೆಮನೆ ಒಲೆ ಆರಿಸ್ಕಳಕಾಗಲ್ಲ" ಎಂದರು. ಮಂಡ್ಯಕ್ಕೆ ಬೆಲ್ಲದ ಗಾಡಿ ಹೊಡೆಯುವ ಸರದಿ ನನ್ನದು. ಅವನು ಗಾಡಿಯ ಹಿಂಬದಿಯಲ್ಲಿ, ಬೆಲ್ಲಕ್ಕೆ ಮೈ ತಾಗದ ಹಾಗೆ, ಕಾಲು ಇಳಿಬಿಟ್ಟು ಕೂತ. ದಾರಿಯುದ್ದಕ್ಕೂ ನಾನು ಮುಂದೆ, ಅವನು ಹಿಂದೆ.

ಅರ್ಧ ದಾರಿಯಲ್ಲಿ ಅವನೇ ಕೇಳಿದ: "ಅದೇ ಅಂದ್ಬುಟ್ರೆ ನನ್ನ ಎಲ್ಲಿ ಇಳಿಸೀಯೆ?"

"ಎಲ್ಲಿ ಇಳಿಸ್ಲಿ?"

"ಅದ್ನೇ ನಾನೂ ಯೋಚ್ನೆ ಮಾಡ್ತಾ ಇವ್ನಿ."

ಡಾಕ್ಟರು ಬೋಳುತಲೆಯ, ಸಣ್ಣ ದನಿಯ ಮನುಷ್ಯ. ಮೊದಲು ಹೆಸರು ಕೇಳಿ ಬರೆದುಕೊಂಡರು. ಅವನ ಹೆಸರು ನನ್ನ ಕಿವಿಗೆ ಬಿದ್ದದ್ದೇ ಆಗ. ಆಮೇಲೆ ಅವನ ಕಣ್ಣಿಗೆ ಬಟ್ಟೆ ಕಟ್ಟಿದರು. ಗುಂಡುಸೂಜಿ ತೆಗೆದು ಬೆರಳು, ಅಂಗೈ, ಮೊಣಕೈ ಎಲ್ಲ ಕಡೆ ಮುಟ್ಟಿಸುತ್ತ ಹೋದರು.

"ಚುಚ್ತಾ ಇದೀರ... ಈಗ್ಲೂ ಚುಚ್ತಾ ಇದೀರ... ಈಗ ಸೂಜಿ ತಲೆ, ಸ್ವಾಮಿ" ಎಂದ ಪಾಕದಣ್ಣ.

ಡಾಕ್ಟರು ಮೇಜಿನ ಮೇಲಿದ್ದ ದಾರದ ಎಳೆಯೊಂದನ್ನು ಅವನ ಬೆರಳ ತುದಿಗೆ ಸೋಕಿಸಿದರು.

"ದಾರ. ಒಂದೇ ಎಳೆ."

ಬಿಸಿನೀರು, ತಣ್ಣೀರು ತುಂಬಿದ ಸೀಸೆ ಮುಟ್ಟಿಸಿದರು. ಎಲ್ಲವನ್ನೂ ಹೇಳಿದ. ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರೆ ಕಾಲು ಒದ್ದ ಹಾಗೆ ಮೇಲಕ್ಕೆ ಹಾರಿತು. ಅಳತೆಯ ಟೇಪಿನಿಂದ ತೋಳು ಅಳೆದರು, ಚರ್ಮದ ಕೆಳಗಿನ ಮಿಡಿತವನ್ನು ಬೀದಿ ದೀಪ ಹೊತ್ತುವವರೆಗೂ ನೋಡುತ್ತ ಕೂತರು. ಬೆಂಚಿನ ಮೇಲೆ ಕೂತಿದ್ದ ನಾನು ಅವನ ಮುಖ ನೋಡಲಿಲ್ಲ.

"ಇದು ಆ ರೋಗ ಅಲ್ಲ" ಎಂದರು ಡಾಕ್ಟರು. "ಅದರಲ್ಲಿ ಮುಟ್ಟಿದ್ದು ತಿಳಿಯೋದಿಲ್ಲ. ನಿಮಗೆ ನನಗಿಂತ ಚೆನ್ನಾಗಿ ತಿಳಿಯುತ್ತೆ. ಇದು ಯಾರಿಗೂ ಅಂಟೋದೂ ಇಲ್ಲ. ಮುಟ್ಟಿದ್ದನ್ನ ಒಳಕ್ಕೆ ತಿಳಿಸೋ ನರ ಬೇರೆ, ಕೈ ಆಡಿಸು ಅಂತ ಮಾಂಸಖಂಡಕ್ಕೆ ಹೇಳೋ ನರ ಬೇರೆ. ನಿಮ್ಮಲ್ಲಿ ಹೇಳೋ ನರ ಸಾಯ್ತಾ ಇದೆ. ಮಾತು ಬರದೆ ಮಾಂಸ ಸೊರಗ್ತಾ ಇದೆ."

ಪಾಕದಣ್ಣ ಕೈ ತಿರುಗಿಸಿ ನೋಡಿಕೊಂಡ. "ನಾಲೇಲಿ ನೀರದೆ, ತೂಬು ಕಟ್ಕಂಡದೆ. ಗದ್ದೆ ಒಣಗ್ತದೆ. ಅಂಗಾ ಸ್ವಾಮಿ?"

"ಹಾಗೇ ಇಟ್ಕೊಳ್ಳಿ" ಎಂದು ಡಾಕ್ಟರು ಒಂದು ದಪ್ಪ ಪುಸ್ತಕ ತೆಗೆದರು. ಇಂಥ ಕೈಗಳ ವಿಷಯವನ್ನು ಅವರು ವರ್ಷಗಳಿಂದ ಅದರಲ್ಲಿ ಬರೆಯುತ್ತಿದ್ದರಂತೆ. ವಯಸ್ಸಾದ ಎಲ್ಲರಲ್ಲೂ ನರಕ್ಕೂ ಮಾಂಸಕ್ಕೂ ಇರುವ ಕೊಂಡಿ ನಿಧಾನವಾಗಿ ಕಳಚುತ್ತದೆ ಎಂದು ಅವರ ಅನುಮಾನ. ಒಂದು ನರ ಸತ್ತರೆ ಪಕ್ಕದ ನರ ತನ್ನ ಪಾಲು ಹಂಚಿ ಸ್ವಲ್ಪ ಕಾಲ ನಡೆಸುತ್ತದೇನೋ, ಪಕ್ಕದ ಗದ್ದೆಯವನು ನೀರು ಬಿಟ್ಟ ಹಾಗೆ. ಇವನಲ್ಲಿ ಪಕ್ಕದವನೂ ಸೋಲುತ್ತಿದ್ದಾನೆ ಎಂದರು. "ಇದೆಲ್ಲ ನನ್ನ ಊಹೆ, ರುಜುವಾತಿಲ್ಲ. ಯಾಕೆ ಹೀಗೆ ಅಂತ ಲೋಕದಲ್ಲಿ ಯಾರಿಗೂ ಗೊತ್ತಿಲ್ಲಪ್ಪ. ಔಷಧಿನೂ ಇಲ್ಲ. ತಿಂಗಳಿಗೊಂದು ಸಲ ಬಂದ್ರೆ ಅಳೆದು ಬರ್ಕೋತೀನಿ. ಅದರಿಂದ ನಿಮಗೇನೂ ಆಗೋಲ್ಲ."

"ಬರ್ಕಳಿ ಸ್ವಾಮಿ" ಎಂದ ಅವನು. "ಪಾಕ ಕೆಟ್ರೂ, ಯಾಕ್ ಕೆಡ್ತು ಅಂತ ಗೊತ್ತಾಗ್ಬೇಕು. ಇಲ್ದಿದ್ರೆ ನಾಳೆ ಕೊಪ್ಪರ್ಗೇನೂ ಕೆಡ್ತದೆ."

ವಾಪಸು ಬರುವಾಗ ಗಾಡಿ ಖಾಲಿಯಿತ್ತು. ಮುಂದೆ ಬಂದು ಕೂರು ಎಂದೆ. "ಇಲ್ಲೇ ಸರಿಯಾಗಿ ಅದೆ" ಎಂದು ಅವನು ಹಿಂದೆಯೇ ಕೂತ.

ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿತ್ತು. ಗೌಡರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದ್ರಲ್ಲಿ ಏನ್ ಬರ್ದದೆ ಅಂತ ನಂಗೆಂಗ್ಲಾ ಗೊತ್ತಾಗ್ಬೇಕು?" ಮದ್ದೂರಿನ ವ್ಯಾಪಾರಿಯೂ ಅಲ್ಲೇ ಇದ್ದ. "ಕಾಗ್ದಕ್ಕೇನು, ಯಾರ್ ಬೇಕಾದ್ರೂ ಬರ್ಕೊಡ್ತಾರೆ" ಎಂದು ನಕ್ಕ.

ನನಗೆ ಸಿಟ್ಟು ಬಂತು. ವ್ಯಾಪಾರಿಯ ಮೇಲೋ ನನ್ನ ಮೇಲೋ ಹೇಳಲಾರೆ. "ಕಾಗ್ದ ಬ್ಯಾಡ ಗೌಡ್ರೆ. ಕೊಪ್ಪರ್ಗೆ ಮುಂದೇನೆ ನೋಡವ. ಕಣ್ಣು ಕಟ್ಟಿ" ಎಂದೆ.

ಒಲೆ ಹೊತ್ತಿತು. ಪಾಕದಣ್ಣನ ಕಣ್ಣಿಗೆ ಅವನ ಟವಲನ್ನೇ ಕಟ್ಟಿದರು. ಚಿವುಟುವ ಶಕ್ತಿ ಅವನಿಗಿರಲಿಲ್ಲ. ನಾನು ನೀರಿಗೆ ಬೆರಳು ಅದ್ದಿ, ಹುಟ್ಟಿದಾಗಿನಿಂದ ಮೊದಲ ಸಲ, ಕುದಿಯುವ ಪಾಕದೊಳಗೆ ಹಾಕಿದೆ. ಪ್ರಾಣ ಹೋದಂತಾಯಿತು. ಹಲ್ಲು ಕಚ್ಚಿ ಚಿಟಿಕೆ ತೆಗೆದು, ನೀರಿಗದ್ದಿ, ಅವನ ಎರಡು ಬೆರಳ ನಡುವೆ ಇಟ್ಟು, ಆ ಬೆರಳುಗಳನ್ನು ನನ್ನ ಕೈಯಲ್ಲಿ ಹಿಡಿದು ಹೊಸಕಿಸಿದೆ.

"ಇನ್ನೂ ನೀರು" ಎಂದ. ಆಮೇಲೆ ನನಗಷ್ಟೇ ಕೇಳುವ ಹಾಗೆ, "ಉರೀತದಾ?"

"ಉರೀತದೆ ಕಣಣ್ಣ."

"ನಂಗೂ ಮೂವತ್ತೊರ್ಸದಿಂದ ಉರೀತಾನೇ ಅದೆ."

ಎರಡನೆಯ ಚಿಟಿಕೆಗೆ ವ್ಯಾಪಾರಿ ಸದ್ದಿಲ್ಲದೆ ನೆಲದಿಂದ ಏನೋ ಎತ್ತಿ ಮೆತ್ತಿದ. ನನಗೆ ಕಂಡಿತು, ಆದರೆ ನನ್ನ ಸುಟ್ಟ ಬೆರಳಿಗೆ ಅದು ತಿಳಿಯಲಿಲ್ಲ. ಪಾಕದಣ್ಣ ಹೊಸಕಿದವನೇ ತಲೆಯೆತ್ತಿದ. "ಇದ್ರಲ್ಲಿ ಒಂದು ಮರಳ್ ಕಾಳದೆ. ಯಾರ್ಲಾ ಆಕ್ದೋನು? ತಿನ್ನೋ ವಸ್ತು ಕಣ್ಲಾ ಇದು!" ಒಲೆಗೆ ಉರಿ ಹಾಕುವವನು ಬಿದ್ದು ಬಿದ್ದು ನಕ್ಕ. ವ್ಯಾಪಾರಿ ಕೈ ಒರೆಸಿಕೊಂಡ.

"ಇನ್ನೊಂದ್ ಕುದಿ" ಎಂದ ಪಾಕದಣ್ಣ. ಕಾದೆವು. ಮೂರನೆಯ ಚಿಟಿಕೆಗೆ "ಇಳ್ಸಿ" ಎಂದ.

ಬೆಲ್ಲ ಅಚ್ಚಿನಿಂದ ಬಂಗಾರದ ಬಣ್ಣದಲ್ಲಿ ಎದ್ದು ಬಂತು. ಗೌಡರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು, ವ್ಯಾಪಾರಿಯ ಕಡೆ ನೋಡುತ್ತಲೇ ಜಗಿದರು. "ನಾಳಿಕ್ಕೆ ಕೆಲ್ಸಕ್ಕೆ ಕೂತ್ಕೊಳಪ್ಪ" ಎಂದರು.

ಅವನ ಜಾಗ ಉಳಿಯಿತು. ಮುಂದಿನ ಹಂಗಾಮುಗಳಲ್ಲಿ ನಾನು ಅವನ ಬೆರಳಾದೆ. ಗಾಣಕ್ಕೆ ಬೇರೆಯವನು ಬಂದ. ನಾನು ಹೊಸಕಿಸುವುದು, ಅವನು ಹೇಳುವುದು. ನನ್ನ ಬೆರಳ ತುದಿಯೂ ಸುಟ್ಟು ದಪ್ಪವಾಯಿತು, ನನ್ನ ಮುಖವೂ ಅಲುಗದೆ ನಿಲ್ಲುವುದನ್ನು ಕಲಿಯಿತು. ಆದರೆ ಜಾಗ ಉಳಿದರೂ ಜನ ಹತ್ತಿರ ಬರಲಿಲ್ಲ. ಗಂಗಳ ಗೋಡೆಯ ಆಚೆಯೇ ಉಳಿಯಿತು. ಈಚೆಗೆ ಬಾ ಎಂದು ನಾನು ಕರೆದರೆ, "ಅಭ್ಯಾಸ ಆಗೋಯ್ತು ಬುಡ್ಲಾ" ಅನ್ನುವನು. ದಿನದ ಮೊದಲ ತುಣುಕನ್ನು ಅವನು ಮತ್ತೆ ಯಾರಿಗೂ ಕೊಡಲಿಲ್ಲ. ನನಗೆ ಕೇಳುವ ಬಾಯಿರಲಿಲ್ಲ.

ತಿಂಗಳಿಗೊಮ್ಮೆ ಮಂಡ್ಯಕ್ಕೆ ಹೋಗುತ್ತಿದ್ದೆವು. ಡಾಕ್ಟರು ಟೇಪು ಹಿಡಿದಾಗ, "ಈ ಸಲ ಎಷ್ಟಾಯ್ತು ಸ್ವಾಮಿ?" ಎಂದು ಕುತೂಹಲದಿಂದ ಕೇಳುವನು, ಅದು ಬೇರೆಯವರ ಹೊಲದ ಇಳುವರಿಯೇನೋ ಎಂಬಂತೆ. ಪ್ರತಿ ಸಲವೂ ಕಡಿಮೆಯಾಗಿರುತ್ತಿತ್ತು. ಎಡಗೈ ಹೋಯಿತು. ಕಾಲು ಹೋಯಿತು. ಮಳವಳ್ಳಿಯ ಕಡೆಗೆ ಕರೆದುಕೊಂಡು ಹೋಗುವವರು ಯಾರೂ ಬರಲಿಲ್ಲ. ಹಂಗಾಮು ಮುಗಿದು ಒಲೆ ಆರಿದ ಮೇಲೂ ಆಲೆಮನೆಯ ಮೂಲೆಯಲ್ಲಿ, ಕಬ್ಬಿನ ಸೋಗೆಯ ಹಾಸಿಗೆಯ ಮೇಲೆ ಉಳಿದ. ನನ್ನ ಹೆಂಡತಿ ದಿನಾ ಗಂಜಿ ಕಾಯಿಸಿ ಕಳಿಸುತ್ತಿದ್ದಳು. ಆ ತಂಬಿಗೆಯನ್ನು ಮಾತ್ರ ಮನೆಯೊಳಗೆ ತರಲು ಬಿಡುತ್ತಿರಲಿಲ್ಲ. ನಾನು ಜಗಳವಾಡಿದೆ, ಸೋತೆ, ತಂಬಿಗೆಯನ್ನು ಜಗುಲಿಯ ಗೂಟಕ್ಕೆ ತೂಗುಹಾಕಿದೆ.

ಕೊನೆಯಲ್ಲಿ ನಾಲಿಗೆಯೂ ಹೋಯಿತು. "ಇಳ್ಸಿ" ಎನ್ನುವುದು ಮೊದಲು ತೊದಲಾಯಿತು, ಆಮೇಲೆ ಬರೀ ಉಸಿರಾಯಿತು. ಆಗ ನಾವಿಬ್ಬರೂ ಒಂದು ಗುರುತು ಮಾಡಿಕೊಂಡೆವು. ಒಂದು ಸಲ ರೆಪ್ಪೆ ಬಡಿದರೆ ಇನ್ನೊಂದು ಕುದಿ. ಎರಡು ಸಲ ಬಡಿದರೆ ಇಳಿಸು. ಅವನನ್ನು ಹೊತ್ತು ತಂದು ಕಂಬಕ್ಕೆ ಒರಗಿಸಿ ಕೂರಿಸಿ, ಹಾಗೆಯೇ ಒಂದು ಹಂಗಾಮು ಬೆಲ್ಲ ಮಾಡಿದೆವು. ಕೆಡಲಿಲ್ಲ.

ಸ್ವಾತಂತ್ರ್ಯ ಬಂದ ದಿನ ಊರಿಗೆ ಊರೇ ಬಾವುಟ ಹಿಡಿದು, ಹಿಂದೆ ಧ್ವಜ ಸತ್ಯಾಗ್ರಹ ನಡೆದ ಶಿವಪುರದ ಕಡೆ ಹೊರಟಿತ್ತು. ನಾನೂ ಹೋದೆ. ಮಧ್ಯಾಹ್ನ ಗಂಜಿಯ ಹೊತ್ತು ಮೀರಿ ಬಂದಾಗ, ಅವನ ತಲೆ ಪಕ್ಕಕ್ಕೆ ವಾಲಿ ಬಾಯಿಂದ ಜೊಲ್ಲು ಇಳಿದು ಅಂಗಿಯೆಲ್ಲ ಒದ್ದೆಯಾಗಿತ್ತು. ಮೂಗಿನ ಮೇಲೊಂದು ನೊಣ. ಓಡಿಸಲು ಕೈಯಿಲ್ಲ, ಕೂತಿದೆ ಎಂದು ತಿಳಿಯುತ್ತಿದೆ. ಕಣ್ಣು ಮಾತ್ರ ಬಾಗಿಲ ಕಡೆಗಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತೋ. ಡಾಕ್ಟರು ಹೇಳಿದ ಎರಡು ನರಗಳ ಲೆಕ್ಕ ನನಗೆ ಅರ್ಥವಾದದ್ದು ಆ ನೊಣ ಓಡಿಸುವಾಗ.

ಅದಾಗಿ ಕೆಲವೇ ವಾರಗಳಲ್ಲಿ ಅವನು ಹೋದ. ಹೊರಲು ನಾಲ್ಕು ಜನ ಬೇಕು. ಗೌಡರು, ಉರಿ ಹಾಕುವವನು, ನಾನು, ಮೂವರೇ ಆದೆವು. ಕೊನೆಗೆ ಬೆಲ್ಲದ ಗಾಡಿ ಕಟ್ಟಿದೆ. ಎಳೆದ ಎತ್ತುಗಳಲ್ಲಿ ಒಂದು, ಅಂದು ಅವನ ಕೈ ನೆಕ್ಕಿದ ಎತ್ತು.

ಮಂಡ್ಯಕ್ಕೆ ಹೋಗಿ ಡಾಕ್ಟರಿಗೆ ತಿಳಿಸಿದೆ. ಅವರು ದಪ್ಪ ಪುಸ್ತಕ ತೆಗೆದು ಅವನ ಪುಟ ಹುಡುಕಿದರು. "ಕೊನೆಗೂ ಮುಟ್ಟಿದ್ದು ತಿಳೀತಿತ್ತಾ?" ಎಂದು ಕೇಳಿದರು.

"ತಿಳೀತಿತ್ತು ಸ್ವಾಮಿ."

"ಹೇಗೆ ಗೊತ್ತು?"

ಹೇಳಿದೆ. ಅವನು ಹೋಗುವ ಹಿಂದಿನ ದಿನ, ಹಂಗಾಮು ಅಲ್ಲದಿದ್ದರೂ, ಯಾರ ಸಹಾಯವೂ ಇಲ್ಲದೆ ಒಂದು ಸಣ್ಣ ಬಾಣಲೆಯಲ್ಲಿ ನಾನೇ ಪಾಕ ನೋಡಿ ಬೆಲ್ಲ ಇಳಿಸಿದ್ದೆ. ಹೆಮ್ಮೆಯಿಂದ ತೆಗೆದುಕೊಂಡು ಹೋಗಿ, ಬೆಚ್ಚಗಿನ ತುಣುಕೊಂದನ್ನು ಅವನ ಎರಡು ಬೆರಳ ನಡುವೆ ಇಟ್ಟು ಒತ್ತಿದೆ. ಅವನು ಒಂದೇ ಸಲ ರೆಪ್ಪೆ ಬಡಿದ. ಇನ್ನೊಂದು ಕುದಿ ಬೇಕಿತ್ತು. ನಾನು ಒಪ್ಪಲಿಲ್ಲ, ಇನ್ನೊಮ್ಮೆ ಒತ್ತಿದೆ. ಮತ್ತೆ ಒಂದೇ ಸಲ. ಅವನು ಹೇಳಿದ್ದೇ ಸರಿ. ಮೂರೇ ದಿನಕ್ಕೆ ಆ ಬೆಲ್ಲ ಬೆವರಿ ನೀರು ಬಿಟ್ಟಿತು.

ಡಾಕ್ಟರು ಅದನ್ನೆಲ್ಲ ಬರೆದುಕೊಂಡರು. ಇಂಗ್ಲಿಷಿನಲ್ಲಿ ಬರೆದದ್ದು, ನನಗೆ ಓದಲು ಬರಲಿಲ್ಲ. ಆಮೇಲೆ ಆ ಪುಸ್ತಕ ಯಾರ ಕೈ ಸೇರಿತೋ ಗೊತ್ತಿಲ್ಲ. ಈಗ ನನಗೂ ವಯಸ್ಸಾಗಿ, ಹೆಬ್ಬೆರಳ ಬುಡ ಮೆತ್ತಗಾಗಿ, ಚಿವುಟಿದ್ದು ಒಮ್ಮೊಮ್ಮೆ ಜಾರುತ್ತದೆ. ಎಲ್ಲರಿಗೂ ನಿಧಾನವಾಗಿ ಆಗುವಂಥದ್ದೇ ಎಂದು ಅವರು ಹೇಳಿದ್ದು ನೆನಪಾಗುತ್ತದೆ.

ಅಂದು ಅವರಿಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಎರಡನೇ ಸಲ ಒತ್ತಿದ ಮೇಲೆ ಆ ತುಣುಕು ಅವನ ಬೆರಳಿನಿಂದ ಜಾರಿ, ಹೆಬ್ಬೆರಳ ಬುಡದ ಆ ಹಳ್ಳದಲ್ಲಿ ನಿಂತಿತು. ನಾನು ಅವನ ಕೈಯನ್ನು ಎರಡೂ ಕೈಯಲ್ಲಿ ಎತ್ತಿ, ಬಾಗಿ, ಅಲ್ಲಿಂದಲೇ ಬಾಯಿಗೆ ತೆಗೆದುಕೊಂಡೆ. ಹದ ತಪ್ಪಿದ ಬೆಲ್ಲ, ಹಲ್ಲಿಗೆ ಅಂಟಿತು. ಜಗಿಯುತ್ತ ತಲೆಯಾಡಿಸಿದೆ, ಹಿಂದೆ ಆಡಿಸುತ್ತಿದ್ದ ಹಾಗೆ.

ಅವನು ನನ್ನನ್ನೇ ನೋಡುತ್ತಿದ್ದ. ನಿಧಾನವಾಗಿ, ಎರಡು ಸಲ ರೆಪ್ಪೆ ಬಡಿದ.